ಚಹದ ಕೆಟಲಿನ ಮೇಲಿನ ಗಾಜಿನ ಚೂರು

ಶಿವಾಜಿನಗರ, ಗುರುವಾರ

ಅತ್ತಿಗೆಗೆ ನಮಸ್ಕಾರ. ಮಂಡಿನೋವು ಇಳಿದಿದೆ, ಚಿಂತೆ ಬೇಡ.

ನಾನು ದಿನಾ ಚಹ ಕುಡಿಯುವ ಅಂಗಡಿಯಲ್ಲಿ ನಡೆದದ್ದು ಕೇಳಿ. ಶುರು ಮಾಡಿದವಳು ಅಂಗಡಿಯ ರಹೀಂ ಸಾಬರ ಮಗಳು ರಿಮ್ಶಾ, ನಿನ್ನೆ ಬೆಳಿಗ್ಗೆ. ಐದು ವರ್ಷದಿಂದ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. “ಇದರಿಂದ ಯಾರಿಗೇನು ಉಪಯೋಗ? ಈ ತಿಂಗಳಿಗೆ ಸಾಕು ಮಾಡು” ಎಂದು ಅಪ್ಪ ಹೇಳಿಬಿಟ್ಟಿದ್ದರು. ಅವಳು ಲ್ಯಾಬಿನಲ್ಲಿ ಎಸೆಯಬೇಕಿದ್ದ ಗಾಜಿನ ಚೂರೊಂದನ್ನು ತಂದು ಕೆಟಲಿಗೆ ಅಂಟಿಸಿದಳು. ಹಸಿರಿದ್ದದ್ದು ಚಹ ಕಾಯುತ್ತಲೇ ನೇರಳೆಯಾಯಿತು, ತಣಿದಾಗ ಮತ್ತೆ ಹಸಿರು!

“ಇದ್ರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿವೆ ಅಂಕಲ್. ಸುತ್ತ ಇರೋ ಲೇಪ ಅರವತ್ತೆಂಟು ಡಿಗ್ರಿ ದಾಟಿದ್ರೆ ತನ್ನ ಗುಣಾನೇ ಬದಲಾಯಿಸುತ್ತೆ. ಆಗ ಚಿನ್ನದ ಬಣ್ಣಾನೂ ಬದಲಾಗುತ್ತೆ.”

“ಹಸಿರು ಚಿನ್ನಾನಾ? ನಮ್ಮನ್ನ ಮಂಗ ಮಾಡ್ಬೇಡಮ್ಮಾ” ಎಂದು ಗುಜರಿ ಅಂಗಡಿಯ ಉಮೈರ್ ನಕ್ಕ. ರಹೀಂ ಸಾಬರು ಚಹ ಸೋಸುತ್ತಾ ಹೋದರು.

ಇವತ್ತು ಬೆಳಿಗ್ಗೆ ಅದೇ ಗಿರಾಕಿಗಳು ಗಾಜು ನೇರಳೆಯಾಗುವವರೆಗೂ ಲೋಟ ಮುಟ್ಟಲಿಲ್ಲ. “ಇನ್ನೂ ಹಸಿರೇ ಇದೆ ಭಾಯ್, ಕಾಯ್ಸಿ!” ಎಂದು ಕೂಗಿದವನು ಉಮೈರನೇ. ರಹೀಂ ಸಾಬರು ಮಗಳ ಕಡೆ ತಿರುಗಿದರು: “ಲ್ಯಾಬಿಗೆ ಹೊತ್ತಾಯ್ತು, ಹೊರಡು ಬೇಟಿ. ಹಾಲಿನ ಪಾತ್ರೆಗೂ ಇಂಥ ಒಂದು ಚೂರು ಬೇಕು.”

ನಿಮ್ಮ ಮೈದುನ,
ಅಂಜನಮೂರ್ತಿ