ಅಮೋಘಿಯ ಬೆನ್ನು

೧೪ ಫೆಬ್ರುವರಿ ೧೯೭೬, ಶನಿವಾರ. ವಿಜಾಪುರ.

ಇವತ್ತು ಘೋಣಸಗಿಗೆ ಮೂರ್ತಿ ಮುಟ್ಟಿಸಿ ಬಂದೆ. ಊರ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ ಅಮೋಘಿಯ ಮೂರ್ತಿ. ಅವನದೊಂದು ಫೋಟೊ ಕೂಡ ಸಿಕ್ಕಿರಲಿಲ್ಲ. ಮುಖ ಕೆತ್ತಲು ಮೂರು ಸಲ ಹೋಗಿ ಸೋತು, ಕಡೆಗೆ ಬಾಗಿದ ಬೆನ್ನನ್ನಷ್ಟೇ ಕಲ್ಲಿನಲ್ಲಿ ಉಳಿಸಿದ್ದೆ.

ಊರ ಹಿರಿಯ ಗುರುಪಾದಯ್ಯನವರು ಒಂದು ಸುತ್ತು ಹಾಕಿ ಕೇಳಿದರು: "ಮಾರಿ ಎಲ್ಲೈತ್ರಿ?"

ಇದು ಹೊಸ ಕಾಲದ ಶಿಲ್ಪ, ಮುಖ ಬೇಕಿಲ್ಲ ಎಂದೆ. ಬರೋಡಾದ ಕಲಾಶಾಲೆಯಲ್ಲಿ ಕಲಿತ ಮಾತನ್ನೆಲ್ಲ ಹೇಳಿದೆ. ಯಾರೂ ಒಪ್ಪಲಿಲ್ಲ.

ಅಷ್ಟರಲ್ಲಿ ಅಮೋಘಿಯ ಹೆಂಡತಿ ದುಂಡವ್ವ ಬಂದು ಕಲ್ಲಿನ ಮೇಲೆ ಕೈಯಿಟ್ಟಳು. "ಇವರ ನಮ್ಮ ಮನಿಯವರು ನೋಡ್ರಿ. ಅವರು ಬಾವ್ಯಾಗ ಅಗೀತಿದ್ರು, ನಾ ಮ್ಯಾಲ ನಿಂತು ಮಣ್ಣಿನ ಬುಟ್ಟಿ ಜಗ್ಗತಿದ್ದೆ. ದಿನಾ ಕಾಣತಿದ್ದದ್ದು ಇದ ಬೆನ್ನ." ಆಮೇಲೆ, ಮೂರ್ತಿಗೆಂದು ಕಟ್ಟಿದ್ದ ಎತ್ತರದ ಕಟ್ಟೆ ತೋರಿಸಿ, "ಅದರ ಮ್ಯಾಲ ಬ್ಯಾಡ್ರಿ. ನೆಲದ ಮ್ಯಾಲ ಇಡ್ರಿ, ಬಗ್ಗಿ ನೋಡತೇನಿ" ಎಂದಳು.

ನೆಲದ ಮೇಲೆಯೇ ಇಟ್ಟೆವು. ಗುರುಪಾದಯ್ಯನವರು ಚಪ್ಪಲಿ ಬಿಟ್ಟು ತಾವೂ ಕೈ ಹಚ್ಚಿದರು.

ಹದಿನೆಂಟು ವರ್ಷದಿಂದ ಕೆತ್ತುತ್ತಿದ್ದೇನೆ. ನಾನು ಸೋತು ಬಿಟ್ಟದ್ದರಲ್ಲಿ ಅವಳು ಗಂಡನನ್ನು ಗುರುತಿಸಿದಳು. ನಿಜ ಹೇಳಬೇಕಿತ್ತೋ ಏನೋ. ಅವಳು ಬಗ್ಗಿ ನೋಡುತ್ತಲೇ ಇದ್ದಳು, ನಾನು ಕೈ ಮುಗಿದು ಹೊರಟು ಬಂದೆ.