ಮೊದಲ ಪುಟದಲ್ಲಿ ಅವ್ವ

ಜೂನ್ 10, ಸೋಮವಾರ. ಬೆಳಗ್ಗೆ, ಬಸ್ಸಲ್ಲಿ

ಸೀಟು ಸಿಕ್ಕಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಂಜನಗೂಡಿಂದ ನರಸೀಪುರದವರೆಗೂ ರಸ್ತೆ ಕೆಟ್ಟಿದೆ, ಅಕ್ಷರ ಕುಣಿಯುತ್ತೆ. ಫಸ್ಟ್ ಪಿರಿಯಡ್ ಪಿಯುಸಿಗೆ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ಗೆಸ್ಟ್ ಲೆಕ್ಚರರ್ ಬಾಳೇ ಪ್ಯಾಸಿವ್ ವಾಯ್ಸು.

ಇನ್ನೊಂದು ಮೇಲ್ ಬಂತು. ದೆಹಲಿಯ ಏಜೆಂಟ್. ಥ್ಯಾಂಕ್ಸ್ ಹೇಳಿ, ನನ್ನ ಬರಹದ ಮೇಲೆ ಪ್ರೀತಿ ಹುಟ್ಟಲಿಲ್ಲ ಅಂದಿದ್ದಾರೆ. ಎಲ್ಲರದೂ ಇದೇ ಮಾತು. ಹೆಣ್ಣು ನೋಡೋಕೆ ಬಂದು, ಉಪ್ಪಿಟ್ಟು ಕೇಸರಿಭಾತು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅನ್ನೋ ಜನ.

ಏಜೆಂಟ್ ಅಂದ್ರೆ ಇನ್ಶೂರೆನ್ಸ್‌ನವರಾ ಅಂತ ಸುನೀತಾ ಮೊನ್ನೆ ಕೇಳಿದಳು. ಅಲ್ಲ ಕಣೆ, ಪುಸ್ತಕಕ್ಕೆ ಪಬ್ಲಿಷರ್ ಹುಡುಕಿಕೊಡೋರು ಅಂದೆ. ಹಾಗಾದ್ರೆ ದಲ್ಲಾಳಿ ಅನ್ನಿ ಅಂದಳು. ಹೆಂಡತಿ ಮಾತು ಯಾವಾಗಲೂ ನೇರ.

ಜೂನ್ 16, ಭಾನುವಾರ

ಊರಿಗೆ ಹೋಗಿದ್ದೆ. ತಗಡೂರಿನ ಬಸ್ಸು ಇಳಿದು ನಡೆಯಬೇಕು. ಅಪ್ಪ ನನ್ನ ತಂಗಿ ಕೋಮಲನ ಮನೆಯಲ್ಲೇ ಇದ್ದಾನೆ. ಅವ್ವ ಹೋದಮೇಲೆ ಅವಳೇ ನೋಡಿಕೊಳ್ಳುತ್ತಿದ್ದಾಳೆ. ನಾನು ಬಾಳೆಹಣ್ಣು ತಗೊಂಡು ಹೋಗೋ ಮಗ.

ಬುಕ್ಕು ಎಲ್ಲಿಗ್ ಬಂತ್ಲಾ ಅಂತ ಕೇಳಿದ. ಬರ್ತಾ ಇದೆ ಅಂದೆ. ಅಪ್ಪ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿದ್ದವನು, ಈ ದಾರಿಯಲ್ಲೇ. ನನ್ನ ಇಂಗ್ಲಿಷ್ ಕಾದಂಬರಿ ತುಂಬ ಅವನು ಹೇಳಿದ ಬಸ್ಸಿನ ಕತೆಗಳೇ. ಎಲ್ಲಾ ತಮಾಷೆ. ಮೊದಲ ಪುಟದಲ್ಲಿ ಮದುವೆ ದಿಬ್ಬಣದ ಬಸ್ಸು — ಬೀಗರು, ಪಾತ್ರೆ, ವಾಲಗದವರು ಎಲ್ಲ ಹತ್ತಿ, ಗಂಡನ್ನೇ ಬಿಟ್ಟು ಹೊರಟಿದ್ದು. ಪಾಪ, ಹುಡುಗ ಮರೆಗೆ ಹೋಗಿದ್ದ. ಅಪ್ಪ ಅದನ್ನ ಇನ್ನೊಂದು ಸಲ ಹೇಳಿ, ಕೆಮ್ಮು ಬರೋತನಕ ನಕ್ಕ. ಪುಸ್ತಕ ಬಂದ್ರೆ ಊರೋರ್‌ಗೆಲ್ಲ ಓದಿಸಬೇಕಂತೆ. ಅವನ ಕಣ್ಣಿಗೆ ಪೊರೆ ಬಂದಿದೆ. ಇಂಗ್ಲಿಷು ಮೊದಲೇ ಬರಲ್ಲ.

ಇದೇ ಕತೆ ಏಜೆಂಟರಿಗೆ ಯಾಕೆ ನಗು ತರಿಸಲ್ಲವೋ.

ಜೂನ್ 29, ಶನಿವಾರ

ಆನ್‌ಲೈನ್ ಕ್ಲಾಸು. ಕ್ವೆರಿ ಲೆಟರ್, ಅಂದ್ರೆ ಏಜೆಂಟರಿಗೆ ಪುಸ್ತಕ ಪರಿಚಯಿಸೋ ಕಾಗದ, ಬರೆಯೋದು ಹೇಗೆ, ಓಪನಿಂಗ್ ಪೇಜ್ ಹೇಗಿರಬೇಕು. ಒಂದೇ ಪುಟದಲ್ಲಿ ಮುಗಿಸಿ. ಮೊದಲ ವಾಕ್ಯದಲ್ಲೇ ಗಾಳ ಹಾಕಿ. ಈ ಕತೆ ಹೇಳೋಕೆ ನೀವೇ ಯಾಕೆ, ಅದನ್ನ ಬರೆಯಿರಿ. ತೊಂದರೆಯಿಂದ ಶುರುಮಾಡಿ, ಹವಾಮಾನದಿಂದ ಬೇಡ.

ಕೊನೆಗೆ ಪಾಠ ಮಾಡೋ ಮೇಡಂ ನನ್ನ ಪುಟ ತಗೊಂಡರು. ಚಾರ್ಮಿಂಗ್ ಅಂದರು. ಆಮೇಲೆ, ನಿಮ್ಮ ಬಯೋ ಓದಿದೆ ರವಿಕುಮಾರ್, ನಿಮ್ಮ ಹಿನ್ನೆಲೆ ಬಹಳ ಮುಖ್ಯವಾದದ್ದು, ಆದರೆ ಇದರಲ್ಲಿ ಗಾಯ ಎಲ್ಲಿದೆ? — ಅಂದರು. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಅದೇ ಕಷ್ಟ. ಬೈದಿದ್ರೆ ಬೈಬಹುದಿತ್ತು.

ನಮ್ಮೋರು ನಕ್ಕರೆ ಯಾರಿಗೂ ಬೇಡ. ಅತ್ತರೆ ಚೇರ್ ಹಾಕಿ ಕೂರಿಸುತ್ತಾರೆ. ಸಂಜೆವರೆಗೂ ಸಿಟ್ಟು ಇಳಿಯಲಿಲ್ಲ. ಆಮೇಲೆ, ಗಾಯ ಇಲ್ವಾ ಅಂತ ಹುಡುಕೋಕೆ ಶುರುಮಾಡಿದೆ. ಸಿಟ್ಟಿಗಿಂತ ಆಸೆ ದೊಡ್ಡದು.

ಜುಲೈ 7, ಭಾನುವಾರ

ಇದೆ. ಒಂದು ಇದೆ.

ಅವ್ವನ ತಿಥಿ ಮುಗಿದ ಮಾರನೇ ದಿನ, ಜಗಲಿಯಲ್ಲಿ ಇಬ್ಬರೇ ಇದ್ದಾಗ ಅಪ್ಪ ಹೇಳಿದ್ದು. ಮದುವೆಯಾದ ಹೊಸತು. ಅವ್ವ ತವರಿಗೆ ಅಂತ ಅಪ್ಪನ ಬಸ್ಸಲ್ಲೇ ಹತ್ತಿದ್ದಳು. ಗಂಡ ಕಂಡಕ್ಟರ್ ಅಂತ ಅವಳಿಗೆ ಹೆಮ್ಮೆ, ಹೊಸ ಸೀರೆ. ದಾರಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಹತ್ತಿದ. ಅಪ್ಪನ್ನ ನೋಡಿ ಯಾವ ಬೀದಿಯೋನ್ಲಾ ನೀನು ಅಂದ. ಅಪ್ಪ ಹೇಳಿದ. ಹಂಗಾರೆ ಎದ್ದೇಳು ಅಂದ. ಅಪ್ಪ ಕಂಡಕ್ಟರ್ ಸೀಟು ಬಿಟ್ಟು ಎದ್ದ. ಒಳಗೂ ನಿಲ್ಲಬೇಡ ಅಂದ. ನರಸೀಪುರದವರೆಗೆ ಫುಟ್‌ಬೋರ್ಡಿನ ಮೇಲೆ ನೇತಾಡಿಕೊಂಡು ಬಂದ. ಬಸ್ಸು ತುಂಬ ಜನ. ನಿಮ್ಮವ್ವ ಕಿಟಕಿ ಕಡೆ ಮಕ ಮಾಡ್ಕಂಡು ಕುಂತಿದ್ಲು ಅಂದ. ಅಷ್ಟು ಹೇಳಿ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದ.

ಯಾರಿಗೂ ಹೇಳಬೇಡ ಅಂತ ಅವನು ಅನ್ನಲಿಲ್ಲ. ಅನ್ನಬೇಕು ಅಂತಲೇ ಅವನಿಗೆ ಹೊಳೆದಿರಲಿಕ್ಕಿಲ್ಲ.

ಜುಲೈ 9, ಮಂಗಳವಾರ

ಬರೆದೆ. ಎರಡು ವರ್ಷ ತಿಣುಕಿದರೂ ಬರದ ಇಂಗ್ಲಿಷು ಒಂದೇ ಸಂಜೆಗೆ ಬಂತು. ಮೊದಲ ವಾಕ್ಯ — ನನ್ನ ತಾಯಿ ನನ್ನ ತಂದೆಯ ಗುರುತೇ ಇಲ್ಲದವಳಂತೆ ಕೂತ ದಿನ, ಬಸ್ಸು ಭರ್ತಿಯಾಗಿತ್ತು. ಆಮೇಲೆ ಅವಳ ನಾಚಿಕೆ. ಅರ್ಧ ಪುಟ ಅದೇ.

ಸುನೀತಾಗೆ ಓದಿ ಹೇಳಿದೆ. ಅತ್ತೆ ಹಂಗಿದ್ರಾ ಅಂದಳು. ಕಾದಂಬರಿ ಕಣೆ ಇದು ಅಂದೆ. ಅವಳು ಅಕ್ಕಿ ಆರಿಸೋಕೆ ಕೂತಳು. ದಿಬ್ಬಣದ ಬಸ್ಸು ಎಂಟನೇ ಅಧ್ಯಾಯಕ್ಕೆ ಹೋಯಿತು. ಹೊಸ ಪುಟ, ಹೊಸ ಕ್ವೆರಿ. ಕಳಿಸಿದೆ.

ಜುಲೈ 26, ಶುಕ್ರವಾರ

ಬಂತು ಬಂತು ಬಂತು. ಒಬ್ಬ ಏಜೆಂಟ್ ಮೇಡಂ, ಮೂರು ಅಧ್ಯಾಯ ಕಳಿಸಿ ಅಂದಿದ್ದಾರೆ. ಮೊದಲ ಪುಟ ಓದಿ ಆಕೆ ಉಸಿರು ಬಿಗಿಹಿಡಿದರಂತೆ. ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ಒಬ್ಬನೇ ಸಂಗಮದ ಮೆಟ್ಟಿಲ ಮೇಲೆ ಕೂತು ಬಂದೆ. ಎಷ್ಟೋ ದಿನದ ಮೇಲೆ ನನ್ನನ್ನ ನಾನೇ ಮೆಚ್ಚಿಕೊಂಡೆ.

ಜುಲೈ 28, ಭಾನುವಾರ

ಅಪ್ಪ ಕಣ್ಣು ತೋರಿಸೋಕೆ ಬಂದಿದ್ದ. ನಿನ್ನೆ ರಾತ್ರಿ ಇಲ್ಲೇ ಇದ್ದ. ಟೇಬಲ್ ಮೇಲೆ ಮೊದಲ ಪುಟದ ಪ್ರಿಂಟುಗಳನ್ನ ನೋಡಿ ಇದೇಯಾ ಅಂದ. ಇದೇ ಅಂದೆ. ನಿನ್ ಎಸ್ರು ಎಲ್ಲದೆ ಅಂದ. ತೋರಿಸಿದೆ. ಅಕ್ಷರದ ಮೇಲೆ ಬೆರಳಾಡಿಸಿದ. ಒಂದು ನಂಗೆ ಕೊಡು ಅಂದ.

ಕೊಟ್ಟೆ. ಇಂಗ್ಲಿಷು ತಾನೇ, ಯಾರು ಓದುತ್ತಾರೆ ಅಂದುಕೊಂಡೆ. ನಾಕು ಮಡಿಕೆ ಮಾಡಿ ಅಂಗಿ ಜೇಬಿಗಿಟ್ಟ. ಜೇಬನ್ನ ಎರಡು ಸಲ ತಟ್ಟಿ ನೋಡಿಕೊಂಡ.

ಆಗಸ್ಟ್ 4, ಭಾನುವಾರ

ಕೋಮಲ ಫೋನ್ ಮಾಡಿದ್ದಳು. ಅಳುತ್ತಿದ್ದಳು. ಏನು ಬರ್ದಿದ್ದೀಯಣ್ಣ ಅವ್ವನ ಮೇಲೆ ಅಂದಳು.

ಅಪ್ಪ ಬೆಳಗ್ಗೆ ಡೈರಿ ಹತ್ರ ಹೋಗಿದ್ದಾನೆ. ಹಾಲು ಹಾಕೋಕೆ ಬಂದವರೆಲ್ಲ ಇದ್ದರು. ರಿಟೈರ್ಡ್ ಹೆಡ್‌ಮಾಸ್ಟರ್ ಪುಟ್ಟಬಸವಯ್ಯನವರ ಕೈಗೆ ಆ ಕಾಗದ ಕೊಟ್ಟು, ನನ್ ಮಗ ಬರ್ದಿರೋದು ಸಾ, ದಿಬ್ಬಣದ ಕತೆ, ಎಲ್ರಿಗೂ ಕನ್ನಡದಲ್ಲಿ ಏಳಿ, ನಗ್ಲಿ ಅಂದಿದ್ದಾನೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ವಾಕ್ಯ ಓದಿ, ಅರ್ಥ ಹೇಳುತ್ತಾ ಹೋಗಿದ್ದಾರೆ. ನಡುವೆ ನಿಲ್ಲಿಸಿ, ಬ್ಯಾಡ ಬಿಡು ಚನ್ನಯ್ಯ ಅಂದರಂತೆ. ಅಪ್ಪನೇ, ಪೂರ್ತಿ ಏಳಿ ಸಾ ಅಂದನಂತೆ. ಪೂರ್ತಿ ಕೇಳಿದನಂತೆ. ಕ್ಯಾನ್ ಅಲ್ಲೇ ಬಿಟ್ಟು ಮನೆಗೆ ಬಂದನಂತೆ.

ಡೈರಿಯಲ್ಲಿ ಯಾರೋ, ಮಹದೇವಮ್ಮಂಗೆ ಗಂಡನ ಮೇಲೆ ಅಷ್ಟು ಅಸಹ್ಯ ಇತ್ತಾ ಅಂದರಂತೆ.

ನಾನು ಏನು ಹೇಳಿದೆ ಅಂತ ನೆನಪಿಲ್ಲ. ಬರ್ತೀನಿ ಅಂದೆ ಅನ್ನಿಸುತ್ತೆ. ಹೋಗಲಿಲ್ಲ.

ಆಗಸ್ಟ್ 18, ಭಾನುವಾರ

ಹೋದೆ. ಹೋಗಲೇಬೇಕಿತ್ತು. ಡೈರಿಗೆ ಈಗ ಕೋಮಲನೇ ಹೋಗುತ್ತಾಳೆ. ಅಪ್ಪ ಹಿತ್ತಲ ಬಾಗಿಲಲ್ಲಿ ಕೂತಿದ್ದ. ಊಟ ಆಯ್ತಾ ಅಂದ. ಬೈಯಲಿಲ್ಲ. ಬೈಯ್ಲಿ ಅಂತ ಕಾದೆ.

ನಾನೇ ಶುರುಮಾಡಿದೆ. ಅಪ್ಪಾ, ನಿನಗೆ ಆದ ಅನ್ಯಾಯ ಜಗತ್ತಿಗೆ ಗೊತ್ತಾಗಲಿ ಅಂತ... ಇನ್ನೂ ಏನೇನೋ. ಕ್ವೆರಿ ಲೆಟರಿನ ಭಾಷೆ ಅದು, ಬಾಯಿಗೆ ಹಾಗೇ ಬಂತು. ನನಗೇ ಹೇಸಿಗೆ ಆಯಿತು.

ಅಪ್ಪ ಹೇಳಿದ. ಒಂದಕ್ಷರ ಬಿಡದೆ ಬರೆದಿಡುತ್ತೇನೆ.

“ನನ್ನ ಎಬ್ಬಿಸಿದ್ದು ಬರ್ಕೊ ಮಗಾ, ಅದು ನಡ್ದಿದ್ದೇಯ. ಅವ್ಳು ಮಕ ತಿರುಗಿಸ್ಕಂಡಿದ್ದು ನಂಗೆ ನಾಚ್ಕೆ ಆಗ್ದೆ ಇರ್ಲಿ ಅಂತ ಕಣ್ಲಾ. ನೋಡೇ ಇಲ್ಲ ಅನ್ನಂಗೆ ಸಾಯೋಗಂಟ ಇದ್ಲು, ಒಂದಿನಾನೂ ಆ ಮಾತು ಎತ್ನಿಲ್ಲ. ನೀನು ಅವ್ಳಿಗೇ ನಾಚ್ಕೆ ಆಯ್ತು ಅಂತ ಬರ್ದಿದ್ದೀಯ. ಯಾಕೆ ಅಂತ ನನ್ನ ಒಂದ್ ಮಾತು ಕೇಳ್ಬೋದಿತ್ತು.”

ಕೇಳಬಹುದಿತ್ತು. ಜಗಲಿಯಿಂದ ಕೊಟ್ಟಿಗೆಗೆ ಎಷ್ಟು ದೂರ. ನಾನು ಕೇಳಲಿಲ್ಲ. ಕೇಳಿದ್ದರೆ ಗಾಳ ಮೊಂಡಾಗುತ್ತಿತ್ತು ಅಂತ ಒಳಗೆಲ್ಲೋ ಗೊತ್ತಿತ್ತೇನೋ.

ಆಗಸ್ಟ್ 20, ಮಂಗಳವಾರ

ಏಜೆಂಟ್ ಮೇಡಂ ಫೋನಿನಲ್ಲೇ ಮಾತಾಡಿದರು. ನನ್ನನ್ನ ತಗೊಳ್ಳುತ್ತಾರಂತೆ. ಅಗ್ರಿಮೆಂಟ್ ಕಳಿಸುತ್ತಾರೆ. ಈ ದಿನಕ್ಕಾಗಿ ಎಷ್ಟು ವರ್ಷ ಕಾದೆನೋ, ಬಂದಾಗ ನಾನು ಸ್ಟಾಫ್ ರೂಮಿನ ಹಿಂದೆ ಸೈಕಲ್ ಸ್ಟ್ಯಾಂಡಲ್ಲಿ ನಿಂತಿದ್ದೆ.

ಮೊದಲ ಪುಟ ಬದಲಾಯಿಸಬೇಕು ಅಂದೆ. ತಾಯಿ ಯಾಕೆ ಮುಖ ತಿರುಗಿಸಿದಳು ಅಂತ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅದು ಬ್ಯೂಟಿಫುಲ್, ಆದರೆ ಮೆತ್ತಗಾಗುತ್ತೆ, ಕ್ರೌರ್ಯವೇ ಆ ಪುಟದ ಶಕ್ತಿ, ಆ ವಾಕ್ಯ ಮುಟ್ಟಬೇಡಿ ಅಂದರು. ಆ ವಾಕ್ಯಕ್ಕೇ ನಾನು ನಿಮ್ಮ ಪುಸ್ತಕ ತಗೊಂಡಿದ್ದು ಅಂತಲೂ ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂದೆ. ಸೋಮವಾರದವರೆಗೆ ಟೈಮ್ ಕೊಟ್ಟರು.

ಸುನೀತಾ ಏನೂ ಹೇಳಲ್ಲವಂತೆ. ನಿಮ್ಮ ಅಪ್ಪ, ನಿಮ್ಮ ಅಮ್ಮ, ನಿಮ್ಮ ಪುಸ್ತಕ ಅಂದಳು.

ಆಗಸ್ಟ್ 25, ಭಾನುವಾರ

ಅಪ್ಪನಿಗೆ ಎಲ್ಲ ಹೇಳಿದೆ. ಮುಚ್ಚಿಡಲಿಲ್ಲ. ಹೀಗೇ ಬಿಟ್ಟರೆ ಪುಸ್ತಕ ಬರುತ್ತೆ, ತಿದ್ದಿದರೆ ಬಹುಶಃ ಬರಲ್ಲ ಅಂದೆ. ನೀನು ಬೇಡ ಅಂದ್ರೆ ಇವತ್ತೇ ಬೇಡ ಅಂತೀನಿ ಅಂದೆ. ಬೇಡ ಅನ್ನಲಿ ಅಂತಲೇ ಮನಸ್ಸು. ತೀರ್ಮಾನ ಅವನ ತಲೆ ಮೇಲೆ ಹಾಕಿ ನಾನು ಒಳ್ಳೆಯವನಾಗಬಹುದು ಅಂತ. ಥೂ.

ಅಪ್ಪ ಬೆಳ್ಳುಳ್ಳಿ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

“ಕಳ್ಸು ಮಗಾ. ಊರೇ ಕೇಳ್ಬುಟ್ಟದೆ. ಇನ್ ಯಾರಿಂದ ಮುಚ್ಚಿಡಾನ.”

ಅಷ್ಟೇ. ಬಸ್ಸಿನ ಹೊತ್ತಾಯ್ತು ಓಗು ಅಂದ.

ಆಗಸ್ಟ್ 26, ಸೋಮವಾರ. ಸಂಜೆ 4.30

ಕಾಲೇಜು ಬಿಟ್ಟಿದೆ. ಖಾಲಿ ಕ್ಲಾಸ್ ರೂಮು. ಐದಕ್ಕೆ ಆ ಮೇಡಂ ಆಫೀಸು ಮುಚ್ಚುತ್ತೆ.

ರಿಪ್ಲೈ ಬರೆದೆ. ತಂದೆಯವರ ಒಪ್ಪಿಗೆ ಸಿಕ್ಕಿದೆ, ಪುಟ ಹಾಗೇ ಇರಲಿ ಅಂತ. ಇಂಗ್ಲಿಷಲ್ಲಿ ಎಷ್ಟು ಚೆನ್ನಾಗಿ ಕೂತಿತು ಆ ವಾಕ್ಯ. ಎರಡನೇ ಸಲ ಓದೋಕೆ ಆಗಲಿಲ್ಲ. ಅಳಿಸಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ.

ಒಪ್ಪಿಗೆ ಅಲ್ಲ ಅದು. ಅವನು ಕಳ್ಸು ಅಂದಿದ್ದು ನಿಜ. ಆದರೆ ಅದು ಒಪ್ಪಿಗೆ ಅಲ್ಲ. ಅದು...