ಮರಗಟ್ಟಿದ ಸೊಂಟ

ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಅಪ್ಪ ಫೋನ್ ಎತ್ತಲಿಲ್ಲ, ಪತ್ರಕ್ಕೂ ತಡ ಮಾಡಿದ ಎಂದು ಮುನಿಸಿಕೊಳ್ಳಬೇಡ. ಪಕ್ಕೆಲುಬು ಮುರಿದಿದೆ, ಮಾತಾಡಿದರೆ ಉಸಿರು ಚುಚ್ಚುತ್ತದೆ. ಬರೆಯುವುದೇ ಸಲೀಸು.

ಬಸ್ಸು ಓಡಿಸಿ ಗಳಿಸಿದ ಆಸ್ತಿ ನಿನಗೆ ಗೊತ್ತೇ ಇದೆ: ಸೊಂಟದಲ್ಲಿ ಹುಟ್ಟಿ, ಕುಂಡೆ ಸೀಳಿಕೊಂಡು ಮೀನಖಂಡಕ್ಕೆ ಇಳಿಯುವ ನೋವು. ಗುಳಿಗೆ ನಾಟದೆ, ನರದ ಬುಡಕ್ಕೇ ಇಂಜೆಕ್ಷನ್ ಕೊಡಿಸಿಕೊಳ್ಳಲು ಹೋದೆ. ಡಾಕ್ಟರಮ್ಮ ನಿನ್ನ ವಯಸ್ಸಿನವರು. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತ ಸೂಜಿ ಇಳಿಸಿದರು. "ಸೊಂಟದಿಂದ ಕೆಳಗೆ ಸ್ವಲ್ಪ ಹೊತ್ತು ಮರಗಟ್ಟುತ್ತೆ, ಹೆದರಬೇಡಿ" ಅಂದರು. "ನಿಮ್ಮ ಸೂಜಿಗಿಂತ ನಮ್ಮ ಡಿಪೋ ಮ್ಯಾನೇಜರ್ ನಾಲಿಗೆ ಚೂಪು" ಅಂದೆ. ನಕ್ಕರು.

ಆ ನಗು ಮುಗಿಯುವ ಮೊದಲೇ ಬಾಗಿಲು ಮುರಿಯಿತು. ಪಕ್ಕದ ವಾರ್ಡಿನಲ್ಲಿ ಯಾರದೋ ತಾಯಿ ತೀರಿಕೊಂಡಿದ್ದರಂತೆ. "ಕೊಂದವಳು ಎಲ್ಲಿ?" ಎನ್ನುತ್ತ ಗುಂಪು ನುಗ್ಗಿತು. ಆ ರೋಗಿಗೆ ಚಿಕಿತ್ಸೆ ಕೊಟ್ಟವರು ಈ ಡಾಕ್ಟರಮ್ಮ ಅಲ್ಲ. ಕೇಳುವವರು ಯಾರು? ಒಬ್ಬ ಇವರ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹಣೆ ಒಡೆದು ರಕ್ತ ಪರದೆಗೆ ಸಿಡಿಯಿತು. ಕೆಳಗೆ ಬಿದ್ದವರನ್ನು ಒದ್ದರು. ಹೆಲ್ಮೆಟ್ ಹಾಕಿದ್ದ ಇನ್ನೊಬ್ಬ ಸಲೈನ್ ಕಂಬ ಎತ್ತಿದ.

ಎದ್ದು ತಡೆಯೋಣವೆಂದರೆ ಕಾಲು ನನ್ನ ಮಾತು ಕೇಳಲಿಲ್ಲ. ಮೇಜಿನಿಂದ ಉರುಳಿ ಆಕೆಯ ಮೇಲೆಯೇ ಬಿದ್ದೆ. ಕಬ್ಬಿಣದ ಏಟೆಲ್ಲ ನನಗೆ ಬಿತ್ತು. ಕುಂಡೆಗೆ, ತೊಡೆಗೆ ಬಿದ್ದವು ಕಿವಿಗೆ ಕೇಳಿಸುತ್ತಿದ್ದವು, ನೋಯುತ್ತಿರಲಿಲ್ಲ; ಯಾರೋ ಚಾಪೆಯ ಧೂಳು ಕೊಡವಿದ ಹಾಗೆ. ಪಕ್ಕೆಗೆ ಬಿದ್ದದ್ದು ಮಾತ್ರ ಲಟಕ್ಕೆಂದಿತು. ನನ್ನ ಕೆಳಗೆ ಆ ಹುಡುಗಿ "ಅಮ್ಮಾ, ಅಮ್ಮಾ" ಎನ್ನುತ್ತಿದ್ದಳು. ಬದುಕಿದ್ದಾಳೆ. ಒಂದು ಕಣ್ಣು ಹೋಯಿತು.

ಅಳಿಯಂದಿರಿಗೂ ಮೊಮ್ಮಗಳಿಗೂ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಇನ್‌ಸ್ಪೆಕ್ಟರ್ ಮರುದಿನ ಬಂದು ಆಸ್ಪತ್ರೆಯ ಕ್ಯಾಮೆರಾದ ಚಿತ್ರ ತೋರಿಸಿ, "ಹೆಲ್ಮೆಟ್‌ನವನ ಗುರುತು ಸಿಗುತ್ತಾ?" ಅಂದರು. "ನನ್ನ ಮಗ" ಅಂದೆ. ನಿನ್ನ ತಮ್ಮನೇ ಕಣಮ್ಮ. ಸತ್ತವರು ಅವನ ಗೆಳೆಯನ ತಾಯಿ. ಅವನು ಕಂಬ ಎತ್ತಿದಾಗಲೇ ಗುರುತು ಹತ್ತಿ, ನಾನು "ಪುಟ್ಟಾ" ಎಂದು ಕೂಗಿದೆ. ನನ್ನ ಮುಖ ನೋಡಿದ. ನೋಡಿದ ಮೇಲೂ ಬೀಸಿದ.

ಈಗ ಲಾಕಪ್ಪಿನಲ್ಲಿದ್ದಾನೆ. ನಿನ್ನಮ್ಮ ಅವನಿಗೆ ಊಟ ಒಯ್ಯುತ್ತಾಳೆ. ನನ್ನ ಹತ್ತಿರ ಅಂದಿನಿಂದ ಆಡಿದ್ದು ಇಷ್ಟೇ: "ಅವನು ಹೊಡೆದದ್ದು ನಿಮಗೆ ತಾನೇ? ತಡ್ಕೊಂಡು ಸುಮ್ನಿರಬಾರದಿತ್ತಾ?"